ಸಣ್ಣ ಕ್ರೈಸ್ತ ಯೂನಿವರ್ಸಿಟಿಗೆ ಅರ್ಜಿ: ಅಯ್ಯನವರ ಪತ್ರದಿಂದ ಐ-20ರ ತನಕ

ಪ್ರಶ್ನೆ (ಧಾರವಾಡದ ಒಬ್ಬ ತಂದೆ):
ನಮಸ್ಕಾರ ಅಕ್ಕಾರ. ನೀವು ಅಮೆರಿಕದ ಕ್ರಿಶ್ಚನ್ ಕಾಲೇಜಿನ ಅಡ್ಮಿಷನ್ ಆಫೀಸಿನ್ಯಾಗ ಭಾಳ ವರ್ಷ ಕೆಲಸ ಮಾಡೀರಿ ಅಂತ ಗ್ರೂಪಿನ್ಯಾಗ ಓದಿದೆ. ನನ್ನ ಮಗಳು ಸೆಕೆಂಡ್ ಪಿಯು ಸೈನ್ಸ್ ಓದ್ಲಿಕತ್ತಾಳ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ ಚರ್ಚಿನವರು. ಆಕಿಗೆ ಇಲಿನಾಯ್‌ನ ವೀಟನ್ ಇಲ್ಲಾ ಮಿಶಿಗನ್‌ನ ಕ್ಯಾಲ್ವಿನ್, ಇಂಥಾ ಕಡೆ ಓದಬೇಕಂತ ಆಸೆ. ಮಾರ್ಕ್ಸ್ ಕೇಳೋದು ತಿಳೀತದ. ಆದ್ರ ಇಂಥಾ ಕಾಲೇಜಿನ ಕೆಲವು ಫಾರ್ಮಿನ್ಯಾಗ ‘ನಿನ್ನ ವಿಶ್ವಾಸದ ಬಗ್ಗೆ ಬರಿ’, ‘ಪಾಸ್ಟರ್ ಪತ್ರ ತರಿಸು’ ಅಂತ ಅದ. ಇದಕ್ಕ ಏನು ಬರೀಬೇಕು? ಒಬ್ಬ ಏಜೆಂಟ್ 40 ಸಾವಿರ ಕೊಟ್ರ ತಾನೇ ಬರದು ಕೊಡ್ತೀನಿ ಅಂತಾನ.

ಉತ್ತರ:
ಸರ್, ಆ 40 ಸಾವಿರ ನಿಮ್ಮ ಹತ್ತಿರವೇ ಇರಲಿ. ವಿಮಾನದ ಟಿಕೆಟ್ಟಿಗಾದರೂ ಆದೀತು.

ವೀಟನ್‌ನಲ್ಲಿ ಪದವಿ ಓದುವವರು ಒಟ್ಟು ಸುಮಾರು 2,000 ಮಕ್ಕಳು. ಇಷ್ಟು ಸಣ್ಣ ಜಾಗದಲ್ಲಿ ಅರ್ಜಿಯನ್ನು ಒಬ್ಬ ಮನುಷ್ಯ ಕೂತು ಪೂರ್ತಿ ಓದುತ್ತಾನೆ. ನಾನೂ ಹಾಗೆಯೇ ಓದುತ್ತಿದ್ದೆ. ಬೇರೆಯವರು ಬರೆದುಕೊಟ್ಟ ಸಾಕ್ಷಿ (ವಿಶ್ವಾಸದ ಬಗ್ಗೆ ಬರೆಯುವ ಬರಹ) ಎರಡನೇ ಸಾಲಿಗೇ ಗೊತ್ತಾಗುತ್ತಿತ್ತು. ಎಲ್ಲದರಲ್ಲೂ ಅದೇ ಕ್ಯಾಂಪು, ಅದೇ ಕಣ್ಣೀರು, ಅದೇ ‘ಅಂದಿನಿಂದ ನನ್ನ ಬದುಕೇ ಬದಲಾಯಿತು’. ನಿಮ್ಮ ಮಗಳಿಗೆ ಅಂಥ ದೊಡ್ಡ ತಿರುವು ಇಲ್ಲದೇ ಇರಬಹುದು. ಸಂಡೇ ಸ್ಕೂಲು, ಕ್ವಾಯರು, ಮನೆಯ ಸಂಜೆ ಪ್ರಾರ್ಥನೆ, ಹೀಗೆ ಬೆಳೆದ ಮಗುವಿಗೆ ಯಾವ ತಾರೀಕು ಬರೆಯಬೇಕು ಅಂತ ಗಾಬರಿಯಾಗುತ್ತದೆ. ತಾರೀಕು ಬೇಕಿಲ್ಲ. ನಾನು ಮರೆಯದ ಒಂದು ಅರ್ಜಿಯಲ್ಲಿ (ಗುರುತು ಸಿಗದ ಹಾಗೆ ಹೇಳುತ್ತೇನೆ) ಒಬ್ಬ ಹುಡುಗ ಬರೆದಿದ್ದ: ಭಾನುವಾರ ಚರ್ಚಿನ ಗಂಟೆ ಬಾರಿಸುವುದು ತನ್ನ ಕೆಲಸ, ಅಣ್ಣ ತೀರಿಕೊಂಡ ಮೇಲೆ ತನಗೆ ಪ್ರಾರ್ಥನೆ ಬರುತ್ತಿಲ್ಲ, ಆದರೂ ಹಗ್ಗ ಎಳೆಯುವುದು ಬಿಟ್ಟಿಲ್ಲ, ಯಾಕೆ ಅಂತ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು. ನಮ್ಮ ಕಮಿಟಿಯಲ್ಲಿ ಅವನನ್ನು ತೆಗೆದುಕೊಳ್ಳುವ ಬಗ್ಗೆ ಯಾರೂ ಎರಡು ಮಾತಾಡಲಿಲ್ಲ.

ಮಗಳಿಗೆ ಮೊದಲು ಕನ್ನಡದಲ್ಲೇ ಬರೆಯಲು ಹೇಳಿ. ಆಮೇಲೆ ಅವಳೇ ಇಂಗ್ಲಿಷಿಗೆ ತರಲಿ. ಅನುಮಾನವಿದ್ದರೆ ಅದನ್ನೂ ಬರೆಯಲಿ.

ಪತ್ರದ ವಿಷಯ. ನಮ್ಮಲ್ಲಿ ಅಯ್ಯನವರು (ಪಾಸ್ಟರ್) ಲೆಟರ್‌ಹೆಡ್ಡಿನಲ್ಲಿ ‘ಇವರು ನಮ್ಮ ಸಭೆಯ ಸದಸ್ಯರು, ಒಳ್ಳೆಯ ನಡತೆಯವರು’ ಅಂತ ಎರಡು ಸಾಲು ಬರೆದು ಸೀಲು ಹಾಕುತ್ತಾರೆ. ಅದು ಮದುವೆಗೆ ಸಾಕು, ಇದಕ್ಕೆ ಸಾಲದು. ಅವರು ಕಣ್ಣಾರೆ ಕಂಡದ್ದನ್ನು ಬರೆಯಬೇಕು: ಯಾವ ತರಗತಿಯ ಮಕ್ಕಳಿಗೆ ಪಾಠ ಹೇಳಿದಳು, ಯಾರ ಜೊತೆ ಹೇಗೆ ನಡೆದುಕೊಂಡಳು. ಅಯ್ಯನವರು ಈಚೆಗೆ ಬೇರೆ ಊರಿಂದ ವರ್ಗವಾಗಿ ಬಂದಿದ್ದು ಮಗಳ ಪರಿಚಯ ಕಡಿಮೆಯಿದ್ದರೆ, ಸಂಡೇ ಸ್ಕೂಲ್ ಟೀಚರೋ ಯುವಜನ ಸಂಘದ ಹಿರಿಯರೋ ಬರೆದರೆ ನಡೆಯುತ್ತದೆಯೇ ಅಂತ ಆಫೀಸಿಗೆ ಒಂದು ಇಮೇಲ್ ಹಾಕಿ ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ತಂದೆ, ಚಿಕ್ಕಪ್ಪ, ಸೋದರಮಾವ ಸ್ವತಃ ಪಾಸ್ಟರ್ ಆಗಿದ್ದರೂ ಅವರ ಪತ್ರ ಬೇಡ.

ಪ್ರಶ್ನೆ (ದಾವಣಗೆರೆಯ ವಿದ್ಯಾರ್ಥಿನಿ):
ಮೇಡಂ, ನಾವು ಲಿಂಗಾಯತರು. ಸಣ್ಣ ಕಾಲೇಜು, ಪ್ರೊಫೆಸರ್‌ಗಳು ಹೆಸರು ಹಿಡಿದು ಮಾತಾಡಿಸುತ್ತಾರೆ ಅನ್ನೋ ಕಾರಣಕ್ಕೆ ನನಗೂ ಇಂಥ ಕಡೆ ಓದಬೇಕು ಅನ್ನಿಸಿದೆ. ನಮ್ಮಂಥವರು ಅರ್ಜಿ ಹಾಕಬಹುದಾ? ಕ್ರಿಶ್ಚಿಯನ್ ಅಂತ ಬರೆದರೆ ಸೀಟು ಸುಲಭ ಅಂತ ಒಬ್ಬರು ಹೇಳಿದರು.

ಉತ್ತರ:
ಹಾಗೆ ಮಾತ್ರ ಬರೆಯಬೇಡಮ್ಮ. ನಾಲ್ಕು ವರ್ಷ ಸುಳ್ಳಿನ ಜೊತೆ ಒಂದೇ ರೂಮಿನಲ್ಲಿ ಇರಬೇಕಾಗುತ್ತದೆ. ಅದು ನಿನಗೂ ಹಿಂಸೆ, ನಿನ್ನನ್ನು ನಂಬಿದ ರೂಮ್‌ಮೇಟಿಗೂ ಅನ್ಯಾಯ.

ಎಲ್ಲ ಕ್ರೈಸ್ತ ಕಾಲೇಜುಗಳೂ ಒಂದೇ ತರಹ ಅಲ್ಲ. ಕೆಲವು ಕಡೆ ಅರ್ಜಿದಾರರೇ ಕ್ರಿಸ್ತನಲ್ಲಿ ವಿಶ್ವಾಸ ಇಟ್ಟವರಾಗಿರಬೇಕು ಅಂತ ನಿರೀಕ್ಷೆ. ವೀಟನ್ ಆ ಬಗೆಯದು. ಅಲ್ಲಿ ವಿದ್ಯಾರ್ಥಿಗಳು ‘ಕಮ್ಯುನಿಟಿ ಕವನೆಂಟ್’ ಅನ್ನುವ ಒಡಂಬಡಿಕೆಗೆ ಬದ್ಧರಾಗಬೇಕು. ಪದವಿ ಓದುವವರು ಮದ್ಯ, ತಂಬಾಕು ಮುಟ್ಟುವಂತಿಲ್ಲ, ಮದುವೆಯ ಹೊರಗೆ ದೇಹಸಂಬಂಧ ಕೂಡದು. ಕ್ಯಾಂಪಸ್ಸಿನಲ್ಲಿ ಸಾಮಾನ್ಯ ಡ್ಯಾನ್ಸಿಗೆ ಅನುಮತಿ ಸಿಕ್ಕಿದ್ದೇ 2003ರಲ್ಲಿ. ಇನ್ನು ಕ್ಯಾಲ್ವಿನ್, 1876ರಲ್ಲಿ ಡಚ್ ಮೂಲದ ರಿಫಾರ್ಮ್ಡ್ (ಪ್ರೊಟೆಸ್ಟೆಂಟರ ಒಂದು ಪಂಗಡ) ಸಭೆಯವರು ಕಟ್ಟಿದ್ದು. ಪಾಠದ ಒಳಗೆಲ್ಲ ಕ್ರೈಸ್ತ ದೃಷ್ಟಿ ಇದೆ, ಆದರೆ ಬೇರೆ ಧರ್ಮದ ಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ, ಚಾಪೆಲ್ ಆರಾಧನೆಗೆ ಬಾ ಅಂತ ಕರೆಯುತ್ತಾರೆಯೇ ಹೊರತು ಹಾಜರಿ ಹಾಕುವುದಿಲ್ಲ.

ಕೆಂಟಕಿಯ ಬೆರಿಯಾ ಕಾಲೇಜನ್ನೂ ನೋಡು. 1855ರಲ್ಲಿ ಗುಲಾಮಗಿರಿಯ ವಿರೋಧಿಯಾಗಿದ್ದ ಜಾನ್ ಫೀ ಎಂಬ ಪಾದ್ರಿ, ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕಲಿಯಲಿ ಅಂತ ಶುರು ಮಾಡಿದ ಸಂಸ್ಥೆ. 1904ರಲ್ಲಿ ರಾಜ್ಯವೇ ಕಾನೂನು ತಂದು ಹಾಗೆ ಒಟ್ಟಿಗೆ ಕಲಿಯುವುದನ್ನು ನಿಲ್ಲಿಸಿತು, ಕಪ್ಪು ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 1950ರಲ್ಲಿ. ಯಾವ ಪಂಗಡಕ್ಕೂ ಸೇರಿಲ್ಲ, ಎಲ್ಲ ಧರ್ಮದವರಿಗೂ ಜಾಗವಿದೆ. 1892ರಿಂದ ಟ್ಯೂಷನ್ ಫೀ ವಸೂಲಿ ಮಾಡಿಲ್ಲ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಬೇಕು. ವಿದೇಶಿ ಮಕ್ಕಳಿಗೆ ಸೀಟು ಬಹಳ ಕಡಿಮೆ, ಪೈಪೋಟಿ ಜೋರು. ಆದರೆ ಇಂಥದ್ದೊಂದು ಇದೆ ಅನ್ನುವುದೇ ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ ಅಂತ ನನಗೆ ಸಂಕಟ.

ಸಹಿ ಹಾಕುವ ಮೊದಲು ಒಡಂಬಡಿಕೆಯನ್ನು ಅಪ್ಪ ಅಮ್ಮನ ಜೊತೆ ಕೂತು ಪೂರ್ತಿ ಓದು. ಚಾಪೆಲ್ ಕಡ್ಡಾಯವೋ, ವಾರಕ್ಕೆ ಎಷ್ಟು ಸಲ, ಬೈಬಲ್ ವಿಷಯದ ಎಷ್ಟು ಕೋರ್ಸು ತೆಗೆದುಕೊಳ್ಳಬೇಕು, ನಾನು ಬೇರೆ ಧರ್ಮದವಳು ಅಂತ ನೇರವಾಗಿ ಬರೆದು ಕೇಳು. ನೇರವಾಗಿ ಕೇಳಿದ ಮಕ್ಕಳ ಮೇಲೆ ನಮ್ಮ ಆಫೀಸಿನಲ್ಲಿ ಗೌರವ ಹೆಚ್ಚುತ್ತಿತ್ತು.

ಪ್ರಶ್ನೆ (ಮತ್ತೆ ಧಾರವಾಡದ ತಂದೆ):
ಅಕ್ಕಾರ, ಖರ್ಚಿಂದು ಹೇಳ್ರಿ. ನಮ್ಮ ಕಡೆ ನಾಕ್ ಎಕರೆ ಹೊಲ ಅದ, ಮನಿ ಅದ. ಮತ್ತ ರಿಸಲ್ಟ್ ಏಪ್ರಿಲ್‌ನ್ಯಾಗ ಬರ್ತದ, ಅವರು ಅದಕ್ಕೂ ಮೊದಲ ಮಾರ್ಕ್ಸ್ ಕೇಳ್ತಾರ.

ಉತ್ತರ:
ಹೊಲ, ಮನೆ, ಬಂಗಾರ ಲೆಕ್ಕಕ್ಕೆ ಬರುವುದಿಲ್ಲ ಸರ್. ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಫಾರ್ಮು) ಕೊಡುವ ಮೊದಲು ಕಾಲೇಜು ನೋಡುವುದು ಮೊದಲ ವರ್ಷದ ಪೂರ್ತಿ ಖರ್ಚಿಗೆ ಕೈಗೆ ಸಿಗುವ ಹಣ: ಬ್ಯಾಂಕಿನಲ್ಲಿ ಇದ್ದದ್ದು, ಎಫ್‌ಡಿ, ಮಂಜೂರಾದ ಎಜುಕೇಶನ್ ಲೋನಿನ ಪತ್ರ, ಕಾಲೇಜೇ ಕೊಡುವ ಸ್ಕಾಲರ್‌ಶಿಪ್. ವೀಟನ್, ಕ್ಯಾಲ್ವಿನ್ ತರಹದ ಕಡೆ ಟ್ಯೂಷನ್, ಹಾಸ್ಟೆಲು, ಊಟ ಸೇರಿ ವರ್ಷಕ್ಕೆ 50,000 ಡಾಲರ್ ಆಸುಪಾಸು ಅಥವಾ ಅದಕ್ಕೂ ಮೇಲೆ. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಹಾಯಧನ ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರಿಗೆ ಇಲ್ಲ. ಸಿಗುವುದೇನಿದ್ದರೂ ಕಾಲೇಜಿನ ಸ್ವಂತ ದುಡ್ಡು. ಸ್ಕಾಲರ್‌ಶಿಪ್ ಪತ್ರ ಬಂದಾಗ ದೊಡ್ಡ ಅಂಕಿ ನೋಡಿ ಖುಷಿಪಡಬೇಡಿ, ಅದನ್ನು ಕಳೆದ ಮೇಲೆ ನೀವು ಕಟ್ಟಬೇಕಾದದ್ದೆಷ್ಟು ಅಂತ ನೋಡಿ, ಅದನ್ನು ನಾಲ್ಕರಿಂದ ಗುಣಿಸಿ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯ ತನಕ ಕೆಲಸ ಮಾಡಬಹುದು. ಅದು ಪುಸ್ತಕ, ಫೋನು, ಚಳಿಯ ಕೋಟಿಗೆ ಆಗುತ್ತದೆ, ಫೀಗೆ ಆಗುವುದಿಲ್ಲ. ಇವಲ್ಲದೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಫೀ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್ ಬೇರೆ.

ಮಾರ್ಕ್ಸ್ ವಿಷಯಕ್ಕೆ ಗಾಬರಿ ಬೇಡ. 9ನೇ ತರಗತಿಯ ಮಾರ್ಕ್ಸ್ ಕಾರ್ಡ್, ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯು, ಮಿಡ್‌ಟರ್ಮ್, ಪ್ರಿಪರೇಟರಿ, ಇಷ್ಟು ಕಳಿಸಿ ಅಂತಿಮ ಫಲಿತಾಂಶ ಏಪ್ರಿಲ್‌ನಲ್ಲಿ ಬರುತ್ತದೆ ಅಂತ ಪ್ರಿನ್ಸಿಪಾಲರಿಂದ ಬರೆಸಿ. ಶೇಕಡಾವಾರನ್ನು ನೀವೇ ಜಿಪಿಎಗೆ (ಅಮೆರಿಕದ ಗ್ರೇಡ್ ಸರಾಸರಿಗೆ) ಬದಲಿಸಬೇಡಿ, ಇದ್ದ ಹಾಗೇ ಇರಲಿ. ಫಾರ್ಮಿನಲ್ಲಿ ‘ಸ್ಕೂಲ್ ಕೌನ್ಸಲರ್’ ಅಂತ ಒಂದು ಭಾಗವಿದೆ. ನಮ್ಮ ಪಿಯು ಕಾಲೇಜುಗಳಲ್ಲಿ ಅಂಥವರು ಇರುವುದಿಲ್ಲ, ಪ್ರಿನ್ಸಿಪಾಲರೋ ಮಗಳನ್ನು ಬಲ್ಲ ಲೆಕ್ಚರರೋ ತುಂಬಬಹುದು. ಅವರಿಗೆ ಇದು ಹೊಸದು, ಡಿಸೆಂಬರಿನ ಕೊನೆಗೆ ಹೋಗಿ ನಿಂತರೆ ಪರೀಕ್ಷೆಯ ಗಡಿಬಿಡಿಯಲ್ಲಿ ಇರುತ್ತಾರೆ. ದಸರಾ ರಜೆ ಮುಗಿದ ಕೂಡಲೇ ಹೋಗಿ.

ಪ್ರಶ್ನೆ (ಉಡುಪಿಯಿಂದ):
ಮೇಡಂ, ನನ್ನ ತಮ್ಮನಿಗೆ ಒಂದು ‘ಇಂಟರ್‌ನ್ಯಾಷನಲ್ ಕ್ರಿಶ್ಚಿಯನ್ ಯೂನಿವರ್ಸಿಟಿ’ಯಿಂದ ವಾಟ್ಸಾಪಿನಲ್ಲಿ ಆಫರ್ ಬಂದಿದೆ. ಪರೀಕ್ಷೆ ಇಲ್ಲ, 6 ತಿಂಗಳಲ್ಲಿ ಥಿಯಾಲಜಿ ಡಿಗ್ರಿ. ಅವನಿಗೆ ಸಭಾಪಾಲಕನಾಗುವ ಆಸೆ.

ಉತ್ತರ:
ದುಡ್ಡು ಕಟ್ಟಬೇಡಿ. ಅಮೆರಿಕದ ಯಾವುದೇ ಯೂನಿವರ್ಸಿಟಿ ಆದರೂ ಮಾನ್ಯತೆ ಕೊಟ್ಟವರು ಯಾರು ಅಂತ ಮೊದಲು ನೋಡಿ. ವೀಟನ್, ಕ್ಯಾಲ್ವಿನ್‌ಗಳಿಗೆ ಹೈಯರ್ ಲರ್ನಿಂಗ್ ಕಮಿಷನ್ನಿನ ಮಾನ್ಯತೆ ಇದೆ. ಬೈಬಲ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಬಿಎಚ್‌ಇ, ಟ್ರಾಕ್ಸ್ ಅನ್ನುವ ಸಂಸ್ಥೆಗಳಿವೆ, ಅವೂ ಅಮೆರಿಕದ ಶಿಕ್ಷಣ ಇಲಾಖೆ ಒಪ್ಪಿದವು. ಇಲಾಖೆಯ ಪಟ್ಟಿ ಯಾರು ಬೇಕಾದರೂ ನೋಡಬಹುದು. ಮಾನ್ಯತೆಯಿಲ್ಲದ ಡಿಗ್ರಿ ಹಿಡಿದು ಬಂದರೆ ಇಲ್ಲಿ ನೌಕರಿಗೂ ಮುಂದಿನ ಓದಿಗೂ ಉಪಯೋಗವಾಗುವುದಿಲ್ಲ. ನಮ್ಮ ಹತ್ತಿರದ ಬಂಧುವೊಬ್ಬರು ಹೀಗೆ ಕಟ್ಟಿ, ಗೋಡೆಗೆ ತೂಗುಹಾಕಿದ ಕಾಗದ ಬಿಟ್ಟರೆ ಏನೂ ಉಳಿಯದೆ ಅತ್ತದ್ದನ್ನು ನೋಡಿದ್ದೇನೆ.

ಇನ್ನು ಸಭಾಪಾಲಕನಾಗುವ ಆಸೆ ಇದ್ದರೆ ಅಮೆರಿಕ ಯಾಕೆ? ಸಿಎಸ್‌ಐ ಸಭೆಯವನಾದರೆ ಮೊದಲು ಬಿಷಪ್ಪರ ಆಫೀಸಿಗೆ ಹೋಗಲಿ, ಅಭ್ಯರ್ಥಿಯಾಗಿ ಆರಿಸುವುದು ಡಯಾಸಿಸ್ (ಬಿಷಪ್ಪರ ಆಡಳಿತದ ಪ್ರಾಂತ). ಓದಲು ನಿಮ್ಮ ಪಕ್ಕದ ಮಂಗಳೂರಿನಲ್ಲೇ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಇದೆ. ಅಲ್ಲಿನ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್ಟಿನದು. 1818ರಲ್ಲಿ ಶುರುವಾದ ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಹಕ್ಕು ಡೆನ್ಮಾರ್ಕಿನ ರಾಜನಿಂದ 1827ರಲ್ಲಿ ಬಂದದ್ದು.

ಧಾರವಾಡದ ತಂದೆ:
ಏಜೆಂಟಗ ಬ್ಯಾಡ ಅಂತ ಫೋನ್ ಮಾಡಿದೆ ಅಕ್ಕಾರ. ಮಗಳು ಬರೀಲಿಕ್ಕೆ ಕೂತಾಳ. ಅವರಜ್ಜಿ ಕಣ್ಣು ಕಾಣಲಾರದಕ್ಕ ಈಕಿ ದಿನಾ ಸತ್ಯವೇದ (ಬೈಬಲ್) ಓದಿ ಹೇಳ್ತಿದ್ಲು, ಅದನ್ನ ಬರೀಲೇನು ಅಂತ ಕೇಳ್ತಾಳ.

ಉತ್ತರ:
ಅದನ್ನೇ ಬರೆಯಲಿ. ಅಜ್ಜಿ ಯಾವ ಅಧ್ಯಾಯ ಮತ್ತೆ ಮತ್ತೆ ಓದಿಸುತ್ತಿದ್ದರು ಅನ್ನುವುದನ್ನೂ ಬರೆಯಲಿ. ಮುಗಿದ ಮೇಲೆ ನನಗೆ ಕಳಿಸಿ, ವ್ಯಾಕರಣ ನೋಡಿಕೊಡುತ್ತೇನೆ. ಮಾತು ಮಾತ್ರ ಅವಳದೇ ಇರಲಿ.