ಜಪಸರ ಹಿಡಿದ್ರೆ ನಿದ್ದೆ, ಹಾಸಿಗೆಗೆ ಬಿದ್ರೆ ನಿದ್ದೆ ಇಲ್ಲ! ನೀವೆಲ್ಲ ಹೇಗೆ ಮಾಡ್ತೀರ?

ಕೇಳಿದವರು: ಬೆಂಗಳೂರಲ್ಲಿ ಆಫೀಸ್ ಕೆಲಸ, ಇಬ್ರು ಮಕ್ಕಳು. ನಾವು ಕ್ಯಾಥೊಲಿಕರು, ಅಮ್ಮನ ಮನೇಲಿ ರಾತ್ರಿ ಎಲ್ಲರೂ ಮೊಣಕಾಲೂರಿ ಜಪಸರ (ಮಣಿ ಎಣಿಸ್ತಾ ಮರಿಯಮ್ಮನ ಜೊತೆ ಮಾಡೋ ಪ್ರಾರ್ಥನೆ, ರೋಸರಿ) ಹೇಳಿದ್ಮೇಲೇ ಊಟಕ್ಕೆ ತಟ್ಟೆ ಇಡ್ತಿದ್ದಿದ್ದು. ಈಗ ನಾನು ಮನೆ ಸೇರೋದೇ ಎಂಟೂವರೆ, ಅಡಿಗೆ ಹೋಂವರ್ಕು ಎಲ್ಲ ಮುಗಿಸಿ ಕೂತ್ರೆ ಎರಡನೇ ರಹಸ್ಯಕ್ಕೇ (ಜಪಸರದಲ್ಲಿ ಹತ್ತು ಮಣಿಗೊಂದು ಭಾಗ, ಒಟ್ಟು ಐದು) ತೂಕಡಿಕೆ, ಸರಿ ಅಂತ ಹೋಗಿ ಮಲಗಿದ್ರೆ ನಾಳೆ ಮೀಟಿಂಗು, ಇಎಂಐ, ಅತ್ತೆ ಶುಗರ್ರು ಅಂತ ಒಂದು ಗಂಟೆವರೆಗೂ ಕಣ್ಣು ಬಿಟ್ಕೊಂಡೇ ಇರ್ತೀನಿ. ಪ್ರಾರ್ಥನೇನೂ ಇಲ್ಲ ವಿಶ್ರಾಂತೀನೂ ಇಲ್ಲ. ಉಪದೇಶ ಬೇಡ ಪ್ಲೀಸ್, ನಿಮ್ಮನಿಮ್ಮ ಮನೇಲಿ ನಿಜವಾಗ್ಲೂ ಏನು ನಡೀತಿದೆ ಅದನ್ನ ಹೇಳಿ.

ನೈಟ್ ಡ್ಯೂಟಿ ನರ್ಸ್: ಅಕ್ಕ, ಮೊದ್ಲು ರಾತ್ರಿ ಅನ್ನೋದನ್ನ ಬಿಟ್ಬಿಡಿ. ಐದೂ ರಹಸ್ಯ ಒಂದೇ ಸಲ ಕೂತು ಮುಗಿಸ್ಬೇಕು ಅಂತ ಕಟ್ಟಳೆ ಏನಿಲ್ಲ. ನಾನು ಬಸ್ಸಲ್ಲಿ ಒಂದು, ವಾರ್ಡಲ್ಲಿ ಡ್ರಿಪ್ ನೋಡ್ತಾ ನಿಂತಾಗ ಒಂದು, ಬೆಳಿಗ್ಗೆ ಹ್ಯಾಂಡೋವರ್ ಆದ್ಮೇಲೆ ಲಿಫ್ಟಿಗೆ ಕಾಯ್ತಾ ಒಂದು ಹೀಗೆ ಬಿಡಿಬಿಡಿಯಾಗಿ ಹೇಳ್ತೀನಿ. ಸರ ಕೈಯಲ್ಲಿ ಹಿಡ್ಕೊಳ್ಳೋಕಾಗಲ್ಲ, ಹಾಗಾಗಿ ಹತ್ತು ಮಣಿ ಇರೋ ಉಂಗುರ. ಗ್ಲೌಸ್ ಹಾಕಿದ್ರೆ ಅದೂ ಇಲ್ಲ, ಬೆರಳೇ ಗತಿ, ಹೇಗಿದ್ರೂ ಹತ್ತಿದೆಯಲ್ಲ! ಕೆಲವು ದಿನ ಮೂರೇ ಆಗತ್ತೆ. ಆಗ್ಲಿ ಬಿಡಿ.

ಮೈಸೂರಿನ ರಿಟೈರ್ಡ್ ಟೀಚರ್: ನಿದ್ದೆ ಬಂತು ಅಂತ ಬೇಜಾರು ಮಾಡ್ಕೋಬೇಡಮ್ಮ. ನಮ್ಮ ಚಿಕ್ಕ ತೆರೇಸಮ್ಮ, ಅದೇ ಫ್ರಾನ್ಸಿನ ಲಿಸ್ಯೂ ಮಠದಲ್ಲಿ 24ನೇ ವಯಸ್ಸಿಗೇ ತೀರಿಕೊಂಡವರು, ಅವರೂ ಪ್ರಾರ್ಥನೆ ಹೊತ್ತಲ್ಲಿ ನಿದ್ದೆ ಹೋಗ್ತಿದ್ರು, ಮಕ್ಕಳು ಎದ್ದಿದ್ರೂ ಮಲಗಿದ್ರೂ ಹೆತ್ತವರಿಗೆ ಪ್ರೀತಿ ಒಂದೇ ಅಲ್ವಾ ಅಂತ ಸಮಾಧಾನ ಮಾಡ್ಕೋತಿದ್ರು. ಅಂಥವರನ್ನ 1997ರಲ್ಲಿ ಧರ್ಮಸಭೆ, ಅಂದ್ರೆ ಕ್ಯಾಥೊಲಿಕ್ ಚರ್ಚು, ತನ್ನ ಪಂಡಿತರ (ಬೋಧನೆಗೆ ವಿಶೇಷ ಮಾನ್ಯತೆ ಪಡೆದ ಸಂತರ) ಸಾಲಿಗೆ ಸೇರಿಸ್ತು. ಪೋಪ್ ಫ್ರಾನ್ಸಿಸ್ ಕೂಡ ಪ್ರಾರ್ಥನೆಗೆ ಕೂತಾಗ ಒಂದೊಂದ್ಸಲ ನಿದ್ದೆ ಬರತ್ತೆ ಅಂತ ಬಾಯಿಬಿಟ್ಟೇ ಹೇಳಿದ್ರು. ಅವರ ಮೇಜಿನ ಮೇಲೆ ಮಲಗಿರೋ ಸಂತ ಜೋಸೆಫರ ಒಂದು ಪ್ರತಿಮೆ ಇತ್ತಂತೆ, ಏನಾದ್ರೂ ಕಷ್ಟ ಬಂದ್ರೆ ಚೀಟೀಲಿ ಬರೆದು ಅದರಡಿ ಇಡೋರು, 2015ರಲ್ಲಿ ಮನಿಲಾಗೆ ಹೋದಾಗ ಅವರೇ ಹೇಳಿದ್ದು. ನಾನು ಪ್ರತಿಮೆ ಹುಡುಕ್ಕೊಂಡು ಹೋಗ್ಲಿಲ್ಲ, ದೇವರ ಪಟದ ಹಿಂದೆ ಚೀಟಿ ಸಿಕ್ಕಿಸ್ತೀನಿ. ಮಗನ ಕೆಲಸ, ಮಂಡಿನೋವು, ಕರೆಂಟ್ ಬಿಲ್ಲು ಎಲ್ಲ ಇದೆ ಅಲ್ಲಿ. ಬರೆದಿಟ್ಮೇಲೆ ರಾತ್ರಿ ಅದನ್ನೇ ಮತ್ತೆ ಮತ್ತೆ ಯೋಚಿಸೋದು ಕಮ್ಮಿ ಆಗಿದೆ. ನಿನ್ನ ಇಎಂಐನೂ ಬರೆದಿಡು, ಯಾರೂ ನಗಲ್ಲ.

ಕುವೈತ್‌ನಲ್ಲಿರುವ ಮಂಗಳೂರಿನವ: ನಮ್ಮದು ಬೇರೆ ಕತೆ ಮಾರಾಯ್ರೆ, ಇಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಊರಲ್ಲಿ ಎಲ್ಲ ಇಗರ್ಜಿಗೆ (ಚರ್ಚಿಗೆ) ಹೊರಟಿರುವಾಗ ನಾವಿಲ್ಲಿ ಡ್ಯೂಟಿಗೆ ಹೊರಟಿರ್ತೇವೆ, ಪೂಜೆಗೆ (ಚರ್ಚಿನ ಬಲಿಪೂಜೆ, ಮಾಸ್) ಹೋಗುವುದೆಲ್ಲ ಶುಕ್ರವಾರವೇ. ಮೊದಮೊದಲು ಏನೋ ಕಳ್ಕೊಂಡ ಹಾಗೆ ಆಗ್ತಿತ್ತು, ಈಗ ಅಭ್ಯಾಸ. ತೆರ್ಸ್ (ಜಪಸರಕ್ಕೆ ನಾವು ಹೇಳುವುದು) ಮಾತ್ರ ಅಮ್ಮನ ಜೊತೆ ವಾಟ್ಸಾಪ್ ವಿಡಿಯೋದಲ್ಲಿ. ಅವರು ಕೊಂಕಣಿಯಲ್ಲಿ ಶುರು ಮಾಡ್ತಾರೆ, ನಡುವಲ್ಲಿ ನೆಟ್ ಹೋಗಿ ಅವರ ಮುಖ ಸ್ಟಕ್ ಆಗ್ತದೆ, ಸ್ವರ ಎರಡು ಸೆಕೆಂಡ್ ಲೇಟಾಗಿ ಬರ್ತದೆ, ನಾನು ಅರ್ಧ ಹೇಳಿ ಮುಗಿಸುವಾಗ ಅವರು ಮುಂದಿನದ್ದು ಹಿಡ್ದಿರ್ತಾರೆ. ಕೊನೆಗೆ ನಾನು ಕೈ ಮುಗಿದು ಬೆಸಾಂವ್ (ಆಶೀರ್ವಾದ) ಕೇಳ್ತೇನೆ, ಅಮ್ಮ ಫೋನಿನ ಹತ್ರ ಕೈ ತಂದು ಸ್ಕ್ರೀನಿಗೇ ಶಿಲುಬೆ ಗುರುತು ಹಾಕ್ತಾರೆ. ಅಷ್ಟಾದ್ರೆ ನನಗೆ ನಿದ್ದೆ ಬರ್ತದೆ. ನಿಮ್ಮ ಅಮ್ಮ ಇದ್ರೆ ಒಮ್ಮೆ ಟ್ರೈ ಮಾಡಿ ನೋಡಿ, ಒಬ್ರೇ ಹೇಳುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸ ಉಂಟು.

ಹಾಸನದ ಹೆಣ್ಮಗಳು: ಎಲ್ಲ ಪ್ರಾರ್ಥನೆ ಬಗ್ಗೆನೇ ಹೇಳ್ತಿದೀರ, ಅವರು ವಿಶ್ರಾಂತಿನೂ ಕೇಳಿದಾರೆ. ಭಾನುವಾರ ನಮ್ಮನೇಲಿ ಏನು ನಡೀತಿತ್ತು ಗೊತ್ತಾ, ಏಳೂವರೆ ಪೂಜೆ, ಬಂದ ತಕ್ಷಣ ಮಟನ್ನು, ಮಸಾಲೆ ರುಬ್ಬೋದು, ನೆಂಟರು, ವಾರದ ಬಟ್ಟೆ, ಯೂನಿಫಾರಂ ಇಸ್ತ್ರಿ. ಗಂಡಸ್ರು ಊಟ ಮಾಡಿ ಮಲಗೋರು. ಅವರಿಗೆ ಮಾತ್ರ ಕರ್ತರ ದಿನ, ದೇವರಿಗೂ ವಿಶ್ರಾಂತಿಗೂ ಅಂತ ಇರೋ ಭಾನುವಾರ. 1983ರ ಧರ್ಮಸಭೆ ಕಾನೂನಿನಲ್ಲಿ 1247ನೇ ವಿಧಿ ಇದೆ, ಭಾನುವಾರ ಪೂಜೆಗೆ ಹೋಗ್ಬೇಕು ಅನ್ನೋದರ ಜೊತೆಗೇ ಮನಸ್ಸಿಗೂ ಮೈಗೂ ಬೇಕಾದ ವಿಶ್ರಾಂತಿಗೆ ಅಡ್ಡಿಯಾಗೋ ಕೆಲಸ ಬಿಡಬೇಕು ಅಂತಾನೂ ಇದೆ, ಹೆಂಗಸರನ್ನ ಬಿಟ್ಟು ಅಂತ ಎಲ್ಲೂ ಇಲ್ಲ. ನಾನು ಇದನ್ನ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದೆ, ನಗಬೇಡಿ. ಈಗ ಬಟ್ಟೆ ಶುಕ್ರವಾರ ರಾತ್ರಿ ಮಷೀನಿಗೆ, ಭಾನುವಾರ ಒಂದೇ ಸಾರು ಅನ್ನ, ಮಧ್ಯಾಹ್ನ ಎರಡರಿಂದ ನಾಲ್ಕು ಯಾರೂ ನನ್ನ ಕರಿಯೋ ಹಾಗಿಲ್ಲ. ಅತ್ತೆಗೆ ಸಿಟ್ಟು ಬಂತು, ಹೋಯ್ತು. ಶನಿವಾರ ಸಂಜೆ ಪೂಜೆಗೆ ಹೋದ್ರೂ ಭಾನುವಾರದ ಲೆಕ್ಕಕ್ಕೇ ಬರತ್ತೆ, ಅದನ್ನೂ ಯೋಚ್ನೆ ಮಾಡಿ.

ಕ್ಯಾಬ್ ಡ್ರೈವರ್: ಮೇಡಂ ನಂದು ಸಿಂಪಲ್ಲು, ಮೊಬೈಲಲ್ಲಿ ಹನ್ನೆರಡಕ್ಕೆ ಅಲಾರಂ, ತ್ರಿಕಾಲ ಪ್ರಾರ್ಥನೆ (ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೇಳೋದು), ಮೂರು ನಮೋ ಮರಿಯಾ (ಮರಿಯಮ್ಮನ ಜಪ) ಬರತ್ತೆ ಅಷ್ಟೇ, ಎರಡು ನಿಮಿಷ ಸಾಕು, ಸಿಗ್ನಲ್ಲಲ್ಲೇ ಆಗೋಗತ್ತೆ. ಟೈಮಿದ್ರೆ ಶಿವಾಜಿನಗರ ಬಸಿಲಿಕದ ಒಳಗೆ ಹೋಗಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂರ್ತೀನಿ, ಏನೂ ಹೇಳಲ್ಲ ಕೇಳಲ್ಲ. ಸೆಪ್ಟೆಂಬರ್ 8ರ ಹಬ್ಬದ ಹಿಂದುಮುಂದು ಮಾತ್ರ ಆ ಕಡೆ ತಲೆ ಹಾಕ್ಬೇಡಿ, ಕಾಲಿಡೋಕೆ ಜಾಗ ಇರಲ್ಲ. ವಿವೇಕನಗರದ ಬಾಲಯೇಸು ದೇವಾಲಯನೂ ಅಷ್ಟೇ, ಗುರುವಾರ ಬಿಟ್ಟು ಬೇರೆ ದಿನ ಹೋಗಿ.

ನೈಟ್ ಡ್ಯೂಟಿ ನರ್ಸ್: ಒಂದು ಮಾತು ಹೇಳೋದು ಬಿಟ್ಟಿತ್ತು. ಒಂದು ಗಂಟೆವರೆಗೂ ನಿದ್ದೆ ಇಲ್ಲ ಅನ್ನೋದು ವಾರಗಟ್ಟಲೆ ಹಾಗೇ ಇದ್ರೆ ಡಾಕ್ಟರಿಗೂ ತೋರ್ಸಿ, ಥೈರಾಯ್ಡು ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ. ಅದಕ್ಕೂ ನಂಬಿಕೆಗೂ ಜಗಳ ಇಲ್ಲ.

ಮೈಸೂರಿನ ರಿಟೈರ್ಡ್ ಟೀಚರ್: ನರ್ಸಮ್ಮ ಹೇಳಿದ್ದು ಸರಿ. ಇನ್ನೊಂದು, ಬೈಬಲ್ಲಲ್ಲಿ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯ ತೆಗೆದು ನೋಡು. ಶಿಷ್ಯರಿಗೆ ಊಟ ಮಾಡೋಕೂ ಬಿಡುವಿರಲಿಲ್ಲ, ಬನ್ನಿ ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಯೇಸುವೇ ದೋಣಿ ಹತ್ತಿಸ್ತಾರೆ, ಆಚೆ ದಡಕ್ಕೆ ಹೋದ್ರೆ ಜನ ಅವರಿಗಿಂತ ಮುಂಚೆನೇ ಬಂದು ನಿಂತಿದ್ದಾರೆ! ಅವರಿಗೆ ಸಿಕ್ಕಿದ್ದು ಆ ದೋಣೀಲಿ ಕೂತಿದ್ದಷ್ಟೇ ಹೊತ್ತು. ನಿನಗೆ ಮೆಟ್ರೋ ಇದೆ.

ಕೇಳಿದವರು: ಅಯ್ಯೋ ಮೆಟ್ರೋದಲ್ಲಿ ಸೀಟು ಸಿಕ್ಕಿದ್ರೆ ತಾನೇ ಟೀಚರ್ 😄 ಎಲ್ರಿಗೂ ಥ್ಯಾಂಕ್ಸ್. ಅಮ್ಮಂಗೆ ಇವತ್ತು ವಿಡಿಯೋ ಕಾಲ್ ಮಾಡಿದ್ದೆ, ಒಂದೇ ರಹಸ್ಯ ಹೇಳಿದ್ವಿ, ಆಮೇಲೆ ಅರ್ಧ ಗಂಟೆ ಹಲಸಿನಕಾಯಿ ಪಲ್ಯದ ಮಾತು. 1247ನೇ ವಿಧಿ ನಮ್ಮನೆಯವ್ರಿಗೆ ಓದಿ ಹೇಳ್ದೆ, ಈ ಭಾನುವಾರ ಅಡಿಗೆ ತಾವೇ ಮಾಡ್ತಾರಂತೆ, ನೋಡೋಣ. ಶನಿವಾರ ಸಂಜೆ ಕನ್ನಡ ಪೂಜೆ ಕೆಂಗೇರಿ ಕಡೆ ಎಲ್ಲಾದ್ರೂ ಇದ್ರೆ ಯಾರಾದ್ರೂ ಟೈಮಿಂಗ್ ಹೇಳ್ತೀರ?