ಸಹಾಯ ಬೇಕು: ಪೇರೆಂಟ್ ಪ್ಲಸ್ ಸಾಲದ ಹೊಸ ಮಿತಿ ಮತ್ತು ಕಾಲೇಜು ಬದಲಾವಣೆ

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಬಳಗದ ಹಿರಿಯರಿಗೆ ನಮಸ್ಕಾರ. ನಾವು ಗ್ರೀನ್ ಕಾರ್ಡ್ ಇರುವವರು. ಮಗಳ ಪದವಿ ಓದಿಗೆ ಮೊದಲ ವರ್ಷದಿಂದಲೇ ಫೆಡರಲ್ ಪೇರೆಂಟ್ ಪ್ಲಸ್ ಸಾಲ (ಮಕ್ಕಳ ಓದಿಗಾಗಿ ಅಮೆರಿಕದ ಕೇಂದ್ರ ಸರ್ಕಾರ ತಂದೆ ತಾಯಿಗೆ ಕೊಡುವ ಸಾಲ) ಪಡೆಯುತ್ತಿದ್ದೇವೆ. ಬೇರೆ ನೆರವು ಕಳೆದು ಉಳಿದ ಅಷ್ಟೂ ಖರ್ಚಿಗೆ ಈ ಸಾಲ ಸಿಗುತ್ತಿತ್ತು. ಆದರೆ 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಒಬ್ಬ ವಿದ್ಯಾರ್ಥಿಯ ಓದಿಗೆ ತಂದೆ ತಾಯಿ ಇಬ್ಬರೂ ಸೇರಿ ವರ್ಷಕ್ಕೆ 20,000 ಡಾಲರ್, ಒಟ್ಟಾರೆ 65,000 ಡಾಲರ್ ಮಾತ್ರ ಪಡೆಯಬಹುದು. ಆ ದಿನಾಂಕಕ್ಕೆ ಮೊದಲೇ ಸಾಲ ಪಡೆದು ಅದೇ ಕೋರ್ಸಿನಲ್ಲಿ ಮುಂದುವರಿಯುವವರಿಗೆ ಮಾತ್ರ ಮೂರು ವರ್ಷ ಅಥವಾ ಕೋರ್ಸಿನ ಉಳಿದ ಅವಧಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಲ್ಲಿಯವರೆಗೆ ಹಳೆಯ ನಿಯಮವೇ ಅನ್ವಯಿಸುತ್ತದೆ.

ಮಗಳು ಈಗ ಅದೇ ವಿಷಯವನ್ನು ಬೇರೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಲು ಬಯಸಿದ್ದಾಳೆ. ಹೀಗೆ ವರ್ಗಾವಣೆಯಾದರೆ ಈ ವಿನಾಯಿತಿ ಉಳಿಯುತ್ತದೆಯೇ? ಕಾಲೇಜಿನ ಹಣಕಾಸು ನೆರವು ಕಚೇರಿಯ ಪತ್ರದಲ್ಲಿ "ಅರ್ಹರಿಗೆ ವಿನಾಯಿತಿ ಇದೆ" ಎಂಬ ಒಂದೇ ಸಾಲಿದೆ. ಅರ್ಹರು ಯಾರೆಂಬುದೇ ನಮ್ಮ ಪ್ರಶ್ನೆ. ಹೊಸ ಪೇರೆಂಟ್ ಪ್ಲಸ್ ಸಾಲಕ್ಕೆ ಆದಾಯಕ್ಕೆ ತಕ್ಕ ಕಂತಿನ ಸೌಲಭ್ಯವೂ ಇಲ್ಲವಾದ್ದರಿಂದ (ನಿವೃತ್ತಿಯ ಹತ್ತಿರ ಬಂದ ನಮಗೆ ಇದೇ ದೊಡ್ಡ ಚಿಂತೆ) ಅವಸರದಲ್ಲಿ ನಿರ್ಧರಿಸಲು ಮನಸ್ಸಿಲ್ಲ. ಮಕ್ಕಳ ಕಾಲೇಜು ಬದಲಿಸಿದ ಅನುಭವವಿರುವವರು, ಹೊಸ ಕಾಲೇಜಿನಿಂದ ಯಾವ ಉತ್ತರವನ್ನು ಬರಹದಲ್ಲಿ ಪಡೆದಿರಿ ಎಂಬುದನ್ನು ದಯವಿಟ್ಟು ತಿಳಿಸಿ.