ಕುಡಿತ ಮತ್ತು ಮೂಳೆ: ಮೂಳೆ ಡಾಕ್ಟರನ್ನು ಕೇಳಿ

ಸದಸ್ಯ 1: ನಮಸ್ತೆ ಸರ್. ಬಿಯರ್‌ನಲ್ಲಿ ಸಿಲಿಕಾನ್ ಇದೆ, ಮೂಳೆ ಗಟ್ಟಿಯಾಗುತ್ತದೆ ಅಂತಾರೆ. ನಿಜವಾ?

ಡಾಕ್ಟರ್: ನಮಸ್ತೆ. ಸಿಲಿಕಾನ್ ಇರುವುದು ನಿಜ. ಮೂಳೆಗೋಸ್ಕರ ಕುಡಿಯಿರಿ ಅಂತ ಯಾರಿಗೂ ಹೇಳುವುದಿಲ್ಲ.

ಸದಸ್ಯೆ 2: ಸರ್, ನಮ್ಮಣ್ಣನಿಗೆ 38. ಹನ್ನೆರಡು ವರ್ಷದಿಂದ ದಿನಾ ಕುಡಿತ. ಮೂರು ತಿಂಗಳಿಂದ ತೊಡೆಸಂದಿಯಲ್ಲಿ ನೋವು, ಕುಂಟುತ್ತಾನೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಮುಖ ಕಿವುಚುತ್ತಾನೆ. ಎಕ್ಸ್‌ರೇ ನಾರ್ಮಲ್. ಸುಮ್ನೆ ಉಳುಕಿರಬಹುದಾ?

ಡಾಕ್ಟರ್: ಉಳುಕು ಅಂತ ಬಿಡಬೇಡಿ ಅಮ್ಮಾ. ತೊಡೆಮೂಳೆಯ ಮೇಲ್ತುದಿ ಚೆಂಡಿನ ಹಾಗಿದೆ. ತುಂಬಾ ಕುಡಿಯುವವರಲ್ಲಿ ಅದಕ್ಕೆ ರಕ್ತ ಹರಿಯುವುದು ಕಡಿಮೆಯಾಗಿ ಮೂಳೆ ಒಳಗೇ ಸಾಯಬಹುದು. ಎವಿಎನ್ ಅನ್ನುತ್ತೇವೆ. ಶುರುವಿನಲ್ಲಿ ಎಕ್ಸ್‌ರೇಗೆ ಸಿಗುವುದಿಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಎರಡೂ ಕಡೆ ಮಾಡಿಸಿ, ನೋವಿಲ್ಲದ ಕಡೆಯೂ ಇರಬಹುದು. ಚೆಂಡು ಕುಸಿಯುವ ಮೊದಲೇ ಗೊತ್ತಾದರೆ ಉಳಿಸಲು ಪ್ರಯತ್ನಿಸಬಹುದು. ಕುಸಿದ ಮೇಲೆ ಸಾಮಾನ್ಯವಾಗಿ ಕೀಲು ಬದಲಿಸಬೇಕಾಗುತ್ತದೆ.

ಇನ್ನೊಂದು ಮಾತು. ಕುಡಿತ ನಿಲ್ಲಿಸಲೇಬೇಕು, ಆದರೆ ಮನೆಯಲ್ಲಿ ಬೈದು ಒಂದೇ ದಿನಕ್ಕೆ ನಿಲ್ಲಿಸಬೇಡಿ. ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಕಣ್ಣೆದುರೇ ಬಿಡಿಸಿ. ನಿಮ್ಮಣ್ಣ ಸ್ಟೀರಾಯ್ಡ್ ತೆಗೆದುಕೊಂಡಿದ್ದರಾ? ಅದರಿಂದಲೂ ಎವಿಎನ್ ಬರಬಹುದು.

ಸದಸ್ಯ 3: ಫಾರ್ವರ್ಡ್: ಮೊಟ್ಟೆ ಸಿಪ್ಪೆಯನ್ನು ನಿಂಬೆರಸದಲ್ಲಿ ನೆನೆಸಿ 21 ದಿನ ಕುಡಿದರೆ ಸತ್ತ ಮೂಳೆಗೂ ಜೀವ ಬರುತ್ತದೆ! ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ರಕ್ತವೇ ಹೋಗದ ಜಾಗಕ್ಕೆ ನಿಮ್ಮ ಸಿಪ್ಪೆ ಹೇಗೆ ಹೋಗುತ್ತದೆ? ಆ 21 ದಿನ ಅವರ ಪಾಲಿಗೆ ನಷ್ಟ.

ಸದಸ್ಯ 4: ನಮ್ಮ ತಾತ ದಿನಾ ಕುಡಿದು 85ರವರೆಗೆ ಗಟ್ಟಿಯಾಗಿದ್ದರು.

ಸದಸ್ಯೆ 5: ನಮ್ಮಪ್ಪನೂ ದಿನಾ ಕುಡೀತಿದ್ರು. 52ಕ್ಕೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು.

ಸದಸ್ಯ 4: ಜಾರಿದ್ದಕ್ಕೆ ಮುರಿಯಿತು, ಕುಡಿದಿದ್ದಕ್ಕಲ್ಲ.

ಸದಸ್ಯೆ 5: ಅವರನ್ನು ಎತ್ತಿ ಕೂರಿಸಿದವಳು ನಾನು. ನೀವು ಹೇಳಿಕೊಡಬೇಡಿ.

ಡಾಕ್ಟರ್: ಎರಡೂ ಸೇರುತ್ತದೆ. ಜಾಸ್ತಿ ಕುಡಿದರೆ ಹೊಸ ಮೂಳೆ ಕಟ್ಟುವ ಜೀವಕೋಶಗಳ ಕೆಲಸ ಕುಂದುತ್ತದೆ. ಲಿವರ್ ಕೆಟ್ಟರೆ ವಿಟಮಿನ್ ಡಿಯೂ ಕಡಿಮೆ. ಜೊತೆಗೆ ಕಾಲು ತಡವರಿಸುತ್ತದೆ. ಬರೀ ಜಾರಿ ಬಿದ್ದು 52ಕ್ಕೆ ಸೊಂಟ ಮುರಿದರೆ ಮೂಳೆ ಮೊದಲೇ ಸೊರಗಿತ್ತಾ ಅಂತ ನೋಡಬೇಕು. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಿದೆಯಾ?

ಸದಸ್ಯ 6: ಎಷ್ಟು ಕುಡಿದರೆ ತೊಂದರೆ ಸರ್?

ಡಾಕ್ಟರ್: ಮೂಳೆ ಮುರಿಯುವ ಅಪಾಯ ಲೆಕ್ಕ ಹಾಕುವ ಫ್ರಾಕ್ಸ್‌ನಲ್ಲಿ ದಿನಕ್ಕೆ 3 ಯೂನಿಟ್ ದಾಟಿದರೂ ಅಷ್ಟೇ, ಮುಟ್ಟಿದರೂ ಅಷ್ಟೇ, ಅಪಾಯ ಅಂತಲೇ ಲೆಕ್ಕ. 30 ಎಂಎಲ್ ವಿಸ್ಕಿ ಹೆಚ್ಚುಕಡಿಮೆ ಒಂದು ಯೂನಿಟ್.

ಸದಸ್ಯೆ 7: ಮುಟ್ಟು ನಿಂತವರು ವೈನ್ ಕುಡಿಯಬಹುದಾ?

ಸದಸ್ಯ 8: ಬಿಯರ್ ಮೂಳೆಗೆ ಒಳ್ಳೇದಲ್ವಾ?

ಡಾಕ್ಟರ್: ಮೇಲೆ ಓದಿ.

ಸದಸ್ಯ 3: ಮನೆಮದ್ದು ಅಂದರೆ ಡಾಕ್ಟರುಗಳಿಗೆ ಆಗಲ್ಲ. ಆಪರೇಷನ್ ಬೇಕಲ್ಲ!

ಡಾಕ್ಟರ್: ಆಪರೇಷನ್ ತಪ್ಪಲಿ ಅಂತಲೇ ಎಂಆರ್‌ಐ ಹೇಳಿದ್ದು. ಸಾಕು ಮಾಡಿ.

ಸದಸ್ಯೆ 2: ಸರ್, ಬುಧವಾರ ಎಂಆರ್‌ಐ. ಹೋದ ವರ್ಷ ಅಸ್ತಮಾಕ್ಕೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದ.

ಡಾಕ್ಟರ್: ಹಾಗಾದರೆ ಅದನ್ನೂ ತಪ್ಪದೆ ಹೇಳಿ. ಅಲ್ಲಿಯವರೆಗೆ ಭಾರ ಎತ್ತುವುದು ಬೇಡ. ಕೋಲು ಹಿಡಿದು ನಡೆಯಲಿ. ಬಲಗಾಲು ನೋವಾದರೆ ಎಡಗೈಯಲ್ಲಿ, ಎಡಗಾಲಾದರೆ ಬಲಗೈಯಲ್ಲಿ.